ಮೇಷ್ಟ್ರ ಪ್ಲಾಸ್ಟಿಕ್ ಕವರ್

ಇವತ್ತು ರಾಜಕೀಯ ಬೇಡ. ಯಾರು ಯಾರನ್ನ ಭೇಟಿ ಮಾಡಿದ್ರು, ಯಾರು ದೆಹಲಿಗೆ ಹೋದ್ರು ಅನ್ನೋದು ನಾಳೆಗೂ ಇರುತ್ತೆ. ಇವತ್ತು ಒಂದು ಪ್ಲಾಸ್ಟಿಕ್ ಕವರ್ ಬಗ್ಗೆ ಮಾತಾಡ್ತೀನಿ.

ಕಳೆದ ವಾರ ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಒಬ್ಬ ಹಿರಿಯರು ಬೆಳಗ್ಗೆಯಿಂದ ಕೂತಿದ್ರು. ತಿಪಟೂರು ಕಡೆಯವರು, ನಿವೃತ್ತ ಮೇಷ್ಟ್ರು. ಮಧ್ಯಾಹ್ನದ ಬುಲೆಟಿನ್ ಮುಗಿಸಿ ಬಂದೆ. ಎದ್ದು ನಿಂತ್ರು. ನನಗೇ ಮುಜುಗರ ಆಯ್ತು, ಕೂತ್ಕೊಳ್ಳಿ ಮೇಷ್ಟ್ರೇ ಅಂದೆ. ಕವರ್ ಬಿಚ್ಚಿ ಒಂದು ಪ್ರೋನೋಟು ತೆಗೆದ್ರು. 2015ರ ಆಗಸ್ಟ್ 14. ಐದು ಲಕ್ಷ ರೂಪಾಯಿ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಕೇಳಿದಾಗ ಕೊಡ್ತೀನಿ ಅಂತ ಬರೆದುಕೊಟ್ಟವನು ಅವರ ಹೆಂಡತಿಯ ಅಣ್ಣನ ಮಗ. ದುಡ್ಡು ಯಾವುದು? ರಿಟೈರ್ ಆದಾಗ ಬಂದದ್ದು.

"ಸಾರ್, ಕೋರ್ಟಲ್ಲಿ ಆಗಲ್ಲ ಅಂದ್ಬಿಟ್ರು. ನೀವು ಟೀವೀಲಿ ತೋರ್ಸಿ" ಅಂದ್ರು.

ಯಾಕೆ ಆಗಲ್ಲ? ಸಹಿ ಅವನದ್ದೇ. ದುಡ್ಡು ತಗೊಂಡಿಲ್ಲ ಅಂತ ಅವನೂ ಹೇಳ್ತಿಲ್ಲ. ಆದರೂ ಆಗಲ್ಲ. ಯಾಕಂದ್ರೆ ನಮ್ಮ ದೇಶದಲ್ಲಿ ಲಿಮಿಟೇಷನ್ ಆಕ್ಟ್ ಅಂತ ಒಂದು ಕಾನೂನಿದೆ, ಕಾಲಮಿತಿ ಕಾಯ್ದೆ. 1963ರದ್ದು, 1964ರ ಜನವರಿ 1ರಿಂದ ಜಾರಿಯಲ್ಲಿದೆ. ಬೀದರ್‌ಗೂ ಅದೇ, ಚಾಮರಾಜನಗರಕ್ಕೂ ಅದೇ. ಕೇಳಿದಾಗ ಕೊಡುವ ಪ್ರೋನೋಟಿಗೆ ಅದು ಕೊಟ್ಟಿರುವ ಸಮಯ ಮೂರು ವರ್ಷ. ನೀವು ಕೇಳಿದ ದಿನದಿಂದ ಅಲ್ಲ, ನೋಟು ಬರೆದ ದಿನದಿಂದ. ಅಂದ್ರೆ ಮೇಷ್ಟ್ರ ದಾವೆಗೆ 2018ರ ಆಗಸ್ಟ್ 14 ಕೊನೆಯ ದಿನ. ಆ ದಿನ ಅವರು ಏನ್ ಮಾಡ್ತಿದ್ರು? ಕೇಳಿದೆ. "ನೆನಪಿಲ್ಲ ಸಾರ್, ತೋಟದಲ್ಲಿದ್ದೆ ಅನ್ಸುತ್ತೆ" ಅಂದ್ರು.

ಮೂರು ವರ್ಷ ಸುಮ್ಮನೆ ಕೂತಿದ್ರಾ? ಇಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: "ಕೊಬ್ಬರಿ ರೇಟು ಏರ್ಲಿ ಮಾವ, ಕೊಟ್ಬಿಡ್ತೀನಿ." ಗೌರಿ ಹಬ್ಬಕ್ಕೆ ಬಂದಾಗ ಬಡ್ಡಿ ಅಂತ ಹತ್ತು ಸಾವಿರ, ಇಪ್ಪತ್ತು ಸಾವಿರ ನಗದು ಕೊಟ್ಟಿದ್ದಾನೆ. ಮೇಷ್ಟ್ರು ತಾರೀಖು ಸಮೇತ ಡೈರಿಯಲ್ಲಿ ಬರೆದಿದ್ದಾರೆ, ಮುತ್ತಿನಂಥ ಅಕ್ಷರ. ಆದರೆ ಅಕ್ಷರ ಯಾರದ್ದು? ಮೇಷ್ಟ್ರದ್ದು! ಅಲ್ಲೇ ಇರೋದು ಎಡವಟ್ಟು. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಧಿ ಮುಗಿಯೋದ್ರೊಳಗೆ ಸಾಲಗಾರ ಬಡ್ಡಿಯನ್ನೋ ಅಸಲಲ್ಲಿ ಸ್ವಲ್ಪವನ್ನೋ ಕೊಟ್ಟರೆ, ಕೊಟ್ಟ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತೆ. ಷರತ್ತು ಏನು? ಕೊಟ್ಟಿದ್ದಕ್ಕೆ ಅವನ ಕೈಬರಹ ಇರಬೇಕು, ಇಲ್ಲಾ ಅವನ ಸಹಿ ಇರಬೇಕು. ನೋಟಿನ ಹಿಂಬದಿಯಲ್ಲಿ ಒಂದು ಸಾಲು ಬರೆಸಿ ಸಹಿ ಹಾಕಿಸಿದ್ರೆ ಸಾಕಿತ್ತು. ಹಬ್ಬಕ್ಕೆ ಬಂದ ಹುಡುಗನ ಕೈಗೆ ಪೆನ್ನು ಕೊಡೋದು ಹೇಗೆ ಅಂತ ಸುಮ್ಮನಾದ್ರಂತೆ. ಹಾಗೇ 18ನೇ ಸೆಕ್ಷನ್. ಬಡ್ಡಿ ಕೊಡದಿದ್ರೂ ಪರವಾಗಿಲ್ಲ, ಸಾಲ ಇರೋದು ನಿಜ ಅಂತ ಅವಧಿಯೊಳಗೆ ಬರೆದು ಸಹಿ ಹಾಕಿಕೊಟ್ಟರೂ ಗಡಿಯಾರ ಮತ್ತೆ ಮೊದಲಿನಿಂದ ಶುರು.

ಆಮೇಲೆ ಮೇಷ್ಟ್ರು ಎಲ್ಲ ಮಾಡಿದ್ದಾರೆ. ಊರ ಹಿರಿಯರನ್ನ ಕೂರಿಸಿ ಪಂಚಾಯ್ತಿ. ಸ್ಟೇಷನ್ನಿಗೆ ಅರ್ಜಿ. ಕೊನೆಗೆ ಲಾಯರ್ ನೋಟಿಸ್. ವೀಕ್ಷಕರೇ, ಸಾಲದ ವಿಷಯದಲ್ಲಿ ಈ ಯಾವುದಕ್ಕೂ ಗಡಿಯಾರ ನಿಲ್ಲಲ್ಲ. ನೋಟಿಸ್ ಕಳಿಸಿದ್ದೀನಿ, ಇನ್ನೇನು ಭಯ ಅಂತ ನಿಶ್ಚಿಂತೆಯಿಂದ ಇರೋರು ಎಷ್ಟೋ ಜನ. ನೋಟಿಸ್ ಬೇರೆ, ದಾವೆ ಬೇರೆ.

"ಕೋವಿಡ್‌ನಲ್ಲಿ ಎಲ್ರಿಗೂ ವಿನಾಯಿತಿ ಕೊಟ್ರಲ್ಲ ಸಾರ್?" ಅಂತ ಕೇಳಿದ್ರು. ಪೇಪರ್ ಓದೋ ಮನುಷ್ಯ, ತಿಳ್ಕೊಂಡಿದ್ದಾರೆ. ಹೌದು, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನ ಲೆಕ್ಕದಿಂದ ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಅದು ಆಗ ಅವಧಿ ಇನ್ನೂ ಬಾಕಿ ಇದ್ದವರಿಗೆ. ಮೇಷ್ಟ್ರದ್ದು 2018ರಲ್ಲೇ ಮುಗಿದಿತ್ತು.

ತಡ ಆಗಿದ್ದಕ್ಕೆ ಕಾರಣ ಹೇಳಿ ಕ್ಷಮೆ ಕೇಳೋಕಾಗಲ್ವಾ? ಮೇಲ್ಮನವಿ ತಡವಾದ್ರೆ ಕೇಳಬಹುದು, ಅದಕ್ಕೆ 5ನೇ ಸೆಕ್ಷನ್ ಇದೆ. ಮೊದಲ ದಾವೆಗೆ ಆ ಸೆಕ್ಷನ್ ಇಲ್ಲ. ಇದು ನಮ್ಮ ಜನಕ್ಕೆ ಗೊತ್ತೇ ಇಲ್ಲದ ವಿಷಯ. ಕೋರ್ಟಿಗೆ ರಜೆ ಇತ್ತು, ವಾದಿ ಮೈನರ್ ಆಗಿದ್ದ, ಎದುರಿನವನು ಮೋಸ ಮಾಡಿ ವಿಷಯ ಮುಚ್ಚಿಟ್ಟ, ಇಂಥ ಕೆಲವಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಸಂಬಂಧ ಕೆಡಬಾರದು ಅಂತ ಸುಮ್ಮನಿದ್ದೆ ಅನ್ನೋದಕ್ಕೆ ಇಲ್ಲ. ಇನ್ನೂ ಒಂದು ಕೇಳಿ. ಟೈಂ ಬಾರ್ ಆಗಿದೆ ಅಂತ ಪ್ರತಿವಾದಿ ಬಾಯಿ ಬಿಡದಿದ್ರೂ, ಜಡ್ಜ್ ತಾವೇ ತಾರೀಖು ನೋಡಿ ದಾವೆ ವಜಾ ಮಾಡಬೇಕು. 3ನೇ ಸೆಕ್ಷನ್ ಹಾಗೆ ಹೇಳುತ್ತೆ.

ಕಾನೂನು ಕ್ರೂರ ಅನ್ಸುತ್ತೆ ಅಲ್ವಾ? ನನಗೂ ಅವತ್ತು ಹಾಗೇ ಅನ್ನಿಸ್ತು. ಆದರೆ ತಿರುಗಿಸಿ ನೋಡಿ. ನಿಮ್ಮ ತಂದೆ ಮೂವತ್ತು ವರ್ಷದ ಹಿಂದೆ ತೀರಿಸಿದ ಸಾಲ. ತಂದೆ ಇಲ್ಲ, ಸಾಕ್ಷಿ ಇಲ್ಲ, ರಸೀದಿ ಗೆದ್ದಲು ತಿಂದಿದೆ. ಯಾರೋ ಹಳೇ ಪತ್ರ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ. ಆಗ ನಿಮ್ಮನ್ನ ಕಾಯೋದು ಇದೇ ಕಾಯ್ದೆ. ಅದಕ್ಕೇ ಕಾಯ್ದೆ ತಪ್ಪು ಅಂತ ನಾನು ಹೇಳಲ್ಲ. ನನ್ನ ತಕರಾರು ಬೇರೆ. ಸರ್ಕಾರ ನಮ್ಮ ಮೇಲೆ ದಾವೆ ಹೂಡೋಕೆ ಎಷ್ಟು ವರ್ಷ ಗೊತ್ತಾ? 30! ಹಳೇ 1908ರ ಕಾಯ್ದೆಯಲ್ಲಿ 60 ಇತ್ತು, ಅದನ್ನ ಇಳಿಸಿದ್ದು. ಸಾಲು ಸಾಲು ವಕೀಲರಿರೋ ಸರ್ಕಾರಕ್ಕೆ 30 ವರ್ಷ, ತಿಪಟೂರಿನ ಮೇಷ್ಟ್ರಿಗೆ 3 ವರ್ಷ. ಇದನ್ನ ಯಾವ ವಿಧಾನಸೌಧದಲ್ಲೂ ಯಾರೂ ಕೇಳಲ್ಲ. ಕೇಂದ್ರದ ಕಾಯ್ದೆ ಅಂತ ಕೈ ತೊಳ್ಕೋತಾರೆ.

ಬೆಂಗಳೂರಿನ ಸುತ್ತ ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಇಟ್ಕೊಂಡಿರೋರು ಕೇಳಿಸ್ಕೊಳ್ಳಿ. ಇಂಥ ದಿನದೊಳಗೆ ರಿಜಿಸ್ಟರ್ ಮಾಡಿಕೊಡ್ತೀನಿ ಅಂತ ಅದರಲ್ಲಿ ತಾರೀಖು ಇದ್ರೆ, ಮಾಡಿಸಿಕೊಡಿ ಅಂತ ದಾವೆ ಹಾಕೋಕೆ ಆ ತಾರೀಖಿನಿಂದ ಮೂರು ವರ್ಷ. ತಾರೀಖು ಇಲ್ಲದಿದ್ರೆ, ಅವನು ಕೊಡಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ನಿಮ್ಮ ಹೆಸರಿನ ಜಮೀನನ್ನ ಇನ್ನೊಬ್ಬ ತನ್ನದೇ ಅಂತ ರಾಜಾರೋಷವಾಗಿ ಅನುಭವಿಸ್ತಿದ್ರೆ ಹನ್ನೆರಡು ವರ್ಷ. ಅದು ದಾಟಿದ್ರೆ ದಾವೆ ಮಾತ್ರ ಅಲ್ಲ, ಹಕ್ಕೇ ಹೋಗುತ್ತೆ. ಪಹಣಿಯಲ್ಲಿ ನನ್ನ ಹೆಸರಿದೆ ಅಂತ ಊರು ಬಿಟ್ಟು ಕೂತವರು ಒಂದ್ಸಲ ಹೋಗಿ ಬೇಲಿ ನೋಡ್ಕೊಂಡು ಬನ್ನಿ.

ಮೇಷ್ಟ್ರ ಸಂಬಂಧಿಯನ್ನ ನಾನು ಟೀವೀಲಿ ತೋರಿಸಲಿಲ್ಲ. ಕ್ಯಾಮೆರಾ ಕೋರ್ಟ್ ಅಲ್ಲ. ನಮಗೆ ಗೊತ್ತಿರೋ ಒಬ್ಬ ವಕೀಲರಿಗೆ ಫೋನ್ ಹಾಕಿ ಕೊಟ್ಟೆ. ಇನ್ನೂ ಒಂದು ದಾರಿ ಇದೆ ಅಂದ್ರು ಅವರು. ಸಾಲ ಸತ್ತಿಲ್ಲ, ವಸೂಲಿಗೆ ಕೋರ್ಟಿನ ಬಾಗಿಲು ಮಾತ್ರ ಮುಚ್ಚಿದೆ. ಈಗಲೂ ಆ ಹುಡುಗ ಹಳೇ ಸಾಲ ತೀರಿಸ್ತೀನಿ ಅಂತ ಹೊಸದಾಗಿ ಬರೆದು ಸಹಿ ಹಾಕಿಕೊಟ್ಟರೆ ಕರಾರು ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ಅದು ನಡೆಯುತ್ತೆ. ಆದರೆ ಬರೆದುಕೊಡೋ ಮನಸ್ಸು ಅವನಿಗಿರಬೇಕು. "ಅವಳ ಕೈಲೇ ಕೇಳಿಸ್ತೀನಿ, ಅತ್ತೆ ಮಾತು ತೆಗೆದುಹಾಕಲ್ಲ ಅವನು" ಅಂತ ಮೇಷ್ಟ್ರು ಕವರ್ ಮಡಚಿದ್ರು.

ಅವರು ಹೋದ ಮೇಲೆ ನನಗೊಂದು ನೆನಪಾಯ್ತು. ರಾತ್ರಿ ಮನೆಗೆ ಹೋಗಿ ಬೀರು ತೆಗೆದೆ. ಕಾಲೇಜಿನ ಗೆಳೆಯನೊಬ್ಬ ಎರಡು ಲಕ್ಷಕ್ಕೆ ಬರೆದುಕೊಟ್ಟ ಚೀಟಿ. ತಾರೀಖು ನೋಡಿದೆ. ಮೂರು ವರ್ಷ ತುಂಬೋಕೆ ನಾಲ್ಕು ತಿಂಗಳು ಚಿಲ್ಲರೆ ಬಾಕಿ. ದಿನಾ ಊರಿಗೆಲ್ಲ ಉಪದೇಶ ಮಾಡೋನು ನಾನು! ಫೋನ್ ಮಾಡಿದೆ.

"ಏನೋ, ನನ್ನ ಕೋರ್ಟಿಗೆ ಎಳೀತೀಯೇನೋ?" ಅಂದ.

"ಇಲ್ಲ ಕಣೋ. ಎಳೀಬಾರದು ಅಂತಲೇ ಒಂದು ಸಹಿ ಕೇಳ್ತಿದ್ದೀನಿ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾನುವಾರ ಊಟಕ್ಕೆ ಬಾ. ಪೆನ್ನು ನೀನೇ ತಗೊಂಡ್ ಬಾ" ಅಂದ.

ನಾಳೆ ಭಾನುವಾರ. ಹೋಗ್ತಾ ಇದ್ದೀನಿ.