ಕಂಪ್ಯೂಟರ್ ಉಸ್ತುವಾರಿ: ಅರ್ಧ ಹೊರಗೋ, ಪೂರ್ತಿ ಹೊರಗೋ?

ಅಂಗಡಿ, ಮಂಡಿ, ಕಾರ್ಖಾನೆ, ರೆಸಾರ್ಟ್‌ಗಳ ಕಂಪ್ಯೂಟರ್ ಉಸ್ತುವಾರಿ ಹೊರಗಿನವರ ಕೈಗೆ ಹೋಗುವುದು ಎರಡು ಬಗೆಯಲ್ಲಿ. ಪೂರ್ತಿ ಗುತ್ತಿಗೆ ಎಂದರೆ ನೆಟ್‌ವರ್ಕ್, ಬ್ಯಾಕಪ್, ಆಂಟಿವೈರಸ್, ಟ್ಯಾಲಿ, ಪ್ರಿಂಟರ್, ಸಿಸಿಟಿವಿ ಎಲ್ಲವೂ ಒಂದೇ ಕಂಪನಿಯ ಹೊಣೆ. ಒಳಗೆ ಇದನ್ನೆಲ್ಲ ಬಲ್ಲವರು ಯಾರೂ ಇರಬೇಕಿಲ್ಲ. ಹಂಚಿಕೆಯ ವ್ಯವಸ್ಥೆಯಲ್ಲಿ ಒಳಗೆ ಒಬ್ಬರಾದರೂ ಇರುತ್ತಾರೆ. ದಿನದಿನದ ಕಿರಿಕಿರಿ ಅವರ ಪಾಲಿಗೆ. ಸರ್ವರ್, ಭದ್ರತೆ, ಬ್ಯಾಕಪ್‌ನಂಥ ಭಾರದ ಕೆಲಸ ಹೊರಗಿನವರ ಪಾಲಿಗೆ.

ಯಾವುದು ಅಗ್ಗ ಎಂಬ ಲೆಕ್ಕ ಎಲ್ಲರೂ ಹಾಕುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಯಂಥ ಕಡೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಕೆಟ್ಟು ನಿಂತಾಗ ಬಂದು ಮುಟ್ಟುವವರು ಯಾರು, ಎಷ್ಟು ಹೊತ್ತಿಗೆ? ವಾರ್ಷಿಕ ಗುತ್ತಿಗೆ, ಅಂದರೆ ಎಎಂಸಿ ಹಿಡಿಯುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತವೆ. ಚಾಮರಾಜನಗರ, ಗುಂಡ್ಲುಪೇಟೆ ಎರಡರಿಂದಲೂ ಮೈಸೂರಿಗೇ ಸುಮಾರು 60 ಕಿಲೋಮೀಟರ್.

ಗುಂಡ್ಲುಪೇಟೆಯ ಒಂದು ಅರಿಶಿನ ಮಂಡಿಯನ್ನು ಊಹಿಸಿಕೊಳ್ಳಬಹುದು. ಸಂಜೆ ಏಳು ಗಂಟೆ. ಕೇರಳಕ್ಕೆ ಹೊರಡುವ ಲಾರಿಗೆ ಒಣ ಅರಿಶಿನದ ಮೂಟೆ ಏರಿವೆ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ವರ್ಷದ ವಹಿವಾಟು 5 ಕೋಟಿ ಮೀರಿದ ವ್ಯಾಪಾರಿಯಾದರೆ ಅದರ ಜೊತೆಗೆ ಇ-ಇನ್‌ವಾಯ್ಸ್ ಕೂಡ ಆಗಬೇಕು. (ಪಕ್ಕದ ಟೊಮೆಟೊ ಲಾರಿಗೆ ಈ ತಾಪತ್ರಯವಿಲ್ಲ, ತಾಜಾ ತರಕಾರಿಗೆ ಇ-ವೇ ಬಿಲ್ ಕೇಳುವುದಿಲ್ಲ.) ಬಂಡೀಪುರದೊಳಗೆ ಹಾಯುವ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಕೇರಳದ ದಾರಿಯ ಮದ್ದೂರು ಚೆಕ್‌ಪೋಸ್ಟ್ ಅಷ್ಟರೊಳಗೆ ದಾಟದಿದ್ದರೆ ಲಾರಿ ರಾತ್ರಿಯೆಲ್ಲ ಅಲ್ಲೇ.

ಏಳೂವರೆಗೆ ಮಂಡಿಯ ಕಂಪ್ಯೂಟರ್ ಕೈಕೊಟ್ಟಿತು ಎನ್ನೋಣ. ನೆಟ್ ಇದ್ದರೆ ಮೈಸೂರಿನ ತಂತ್ರಜ್ಞ ಎನಿಡೆಸ್ಕ್ ಮೂಲಕ ಒಳಹೊಕ್ಕು ನೋಡಬಲ್ಲ. ರೂಟರ್ರೇ ಸತ್ತಿದ್ದರೆ ಫೋನಿನಲ್ಲಿ ಧೈರ್ಯ ಹೇಳುವುದಷ್ಟೇ ಅವನ ಪಾಲಿಗೆ ಉಳಿಯುತ್ತದೆ. ವಿಷಯ ಬಲ್ಲವರೊಬ್ಬರು ಮಂಡಿಯಲ್ಲಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಬೇರೆ ಲ್ಯಾಪ್‌ಟಾಪ್‌ನಿಂದಲೋ ಫೋನಿನಿಂದಲೋ ಬಿಲ್ ತೆಗೆದು ಲಾರಿ ಕಳಿಸುತ್ತಾರೆ. ಆದರೆ ಲಾಗಿನ್‌ಗೆ ಬರುವ ಒಟಿಪಿ ಆಡಿಟರ ಮೊಬೈಲಿಗೋ ಎಂದೋ ಕೆಲಸ ಬಿಟ್ಟು ಹೋದ ಗುಮಾಸ್ತರ ಮೊಬೈಲಿಗೋ ಹೋಗುವಂತಿದ್ದರೆ ಆ ಜಾಣತನವೂ ವ್ಯರ್ಥ. ಯಾವ ಬಗೆಯ ಗುತ್ತಿಗೆಯಾದರೂ ನೋಂದಾಯಿತ ಮೊಬೈಲ್ ಸಂಖ್ಯೆ ಮತ್ತು ಮುಖ್ಯ ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಬೇಕು.

2024ರ ಜುಲೈ ಈ ಆಯ್ಕೆಯ ಎರಡು ಮುಖಗಳನ್ನೂ ತೋರಿಸಿತು. 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಅವುಗಳಲ್ಲಿ ಬಹಳಷ್ಟನ್ನು ದೂರದಿಂದ ಸರಿಪಡಿಸಲು ಬರುತ್ತಿರಲಿಲ್ಲ. ಒಬ್ಬರು ಯಂತ್ರದ ಮುಂದೆ ಕೂತು ಸೇಫ್ ಮೋಡ್‌ನಲ್ಲಿ ಒಂದು ಫೈಲ್ ಅಳಿಸಬೇಕಿತ್ತು. ತಿಂಗಳ ಕೊನೆಗೆ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಆ ಕಂಪನಿಯನ್ನೇ ನೆಚ್ಚಿಕೊಂಡಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತು. ಬ್ಯಾಂಕುಗಳ ಸಿಬ್ಬಂದಿ ಕಾಯುವುದು ಬಿಟ್ಟು ಮಾಡಬಹುದಾದದ್ದು ಹೆಚ್ಚೇನೂ ಇರಲಿಲ್ಲ.

ಹಾಗೆಂದು ಪೂರ್ತಿ ಗುತ್ತಿಗೆ ಕೆಟ್ಟದ್ದೇನಲ್ಲ. ಮೂರು ಕಂಪ್ಯೂಟರಿನ ಮೆಡಿಕಲ್ ಸ್ಟೋರಿಗೆ ಪ್ರತ್ಯೇಕ ತಂತ್ರಜ್ಞರಿಗೆ ಸಂಬಳ ಕೊಡುವುದು ಹುಚ್ಚುತನ. ಹಂಚಿಕೆಗೂ ಅದರದೇ ರೋಗಗಳಿವೆ. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡ ಒಬ್ಬರು ರಜೆ ಹಾಕಿದರೆ ಇಡೀ ಕಚೇರಿಯೇ ರಜೆ ಹಾಕಿದಂತೆ. ಇನ್ನು ‘ಅದು ನಮ್ಮದಲ್ಲ, ಅವರದು’ ಎಂದು ಒಳಗಿನವರು, ಹೊರಗಿನವರು ಪರಸ್ಪರ ಬೊಟ್ಟು ಮಾಡುವುದು ತಪ್ಪಿದ್ದಲ್ಲ. ಯಾವ ಕೆಲಸ ಯಾರದು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಡದ ಹಂಚಿಕೆ ಪೂರ್ತಿ ಗುತ್ತಿಗೆಗಿಂತ ಕಡೆ.

ಹಂಚಿಕೆಯ ದೊಡ್ಡ ಮಾದರಿಯೊಂದು ಹಳ್ಳಿಗಳಿಗೇ ಬಂದಿದೆ. ವಿಎಸ್‌ಎಸ್‌ಎನ್ ಎಂದು ಜನ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು: ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ. ಸಾಫ್ಟ್‌ವೇರ್ ಎಲ್ಲರಿಗೂ ಒಂದೇ, ಅದನ್ನು ಸಿದ್ಧಪಡಿಸುವ ಹೊಣೆ ನಬಾರ್ಡ್‌ನದು. ದಿನದ ಲೆಕ್ಕ ಏರಿಸುವುದು, ಸಾಲ ಕೇಳಲು ಬಂದ ರೈತರಿಗೆ ಉತ್ತರ ಹೇಳುವುದು ಸಂಘದವರದೇ.

ಕೆಲಸವನ್ನು ಹೊರಗೆ ಕೊಡಬಹುದು, ಕಾನೂನಿನ ಹೊಣೆಯನ್ನಲ್ಲ. ಬಂಡೀಪುರದ ಅಂಚಿನ ರೆಸಾರ್ಟ್ ತನ್ನ ಅತಿಥಿಗಳ ಗುರುತಿನ ಚೀಟಿಗಳ ಪ್ರತಿ ಇಟ್ಟುಕೊಂಡಿರುತ್ತದೆ. ಗುತ್ತಿಗೆದಾರರ ಕಡೆಯಿಂದ ಅವು ಸೋರಿದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಉತ್ತರ ಹೇಳಬೇಕಾದದ್ದು ರೆಸಾರ್ಟೇ. ಭದ್ರತಾ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗಿದೆ. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ ಹೇಳುತ್ತದೆ. ದಾಳಿಯನ್ನು ಮೊದಲು ಕಾಣುವವರು ಗುತ್ತಿಗೆದಾರರೇ ಆಗಿರಬಹುದು. ಅವರು ಮಾಲೀಕರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಕರಾರು ಓದುವಾಗ ದರಕ್ಕಿಂತ ಕೊನೆಯ ಪುಟ ಮುಖ್ಯ. ಬಿಟ್ಟು ಹೋಗುವಾಗ ಯಾರು ಯಾರಿಗೆ ಏನನ್ನು ಕೊಡಬೇಕು ಎಂಬುದು ಅಲ್ಲಿರಬೇಕು: ಸರ್ವರ್, ರೂಟರ್, ಸಿಸಿಟಿವಿಯ ಪಾಸ್‌ವರ್ಡ್‌ಗಳು, ಬ್ಯಾಕಪ್‌ನ ಪೂರ್ಣ ಪ್ರತಿ. ವೆಬ್‌ಸೈಟಿನ ಡೊಮೈನ್ ಹೆಸರು, ಟ್ಯಾಲಿ ಲೈಸೆನ್ಸ್‌ನ ಇಮೇಲ್ ಎರಡೂ ಮೊದಲ ದಿನದಿಂದಲೇ ಮಾಲೀಕರ ಹೆಸರಿನಲ್ಲಿರಬೇಕು. ಬ್ಯಾಕಪ್ ಇದೆ ಎಂಬ ಮಾತನ್ನು ನಂಬುವ ಮೊದಲು ಹಳೆಯ ಕಂಪ್ಯೂಟರೊಂದಕ್ಕೆ ಅದನ್ನು ಇಳಿಸಿ, ಹೋದ ತಿಂಗಳ ಲೆಕ್ಕ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು.