ಮುನ್ನೂರ ನಲವತ್ತಮೂರರ ಲೋಕ



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ವಿಶ್ವದ ಆಕಾರ ಮತ್ತು ಅಳತೆ’ ಎಂದು ಅಚ್ಚಾಗಿದೆ. ಒಂದು ಗಂಟೆಯಲ್ಲಿ ವಿಶ್ವವನ್ನೆಲ್ಲ ಒಂದು ಸುತ್ತು ಹಾಕಿಸುತ್ತಾನೆ ಎಂದುಕೊಂಡು ಬಂದವರು ಕ್ಷಮಿಸಬೇಕು. ನಾನು ಇವತ್ತು ಒಂದೇ ಒಂದು ಜಗಳದ ಬಗ್ಗೆ ಮಾತಾಡುವವನು. ಅದು ನಡೆದದ್ದು ಒಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ. ಲೋಕ ದುಂಡಗಿದೆಯೋ ಚೌಕವಾಗಿದೆಯೋ ಎಂಬುದೇ ಜಗಳ. ದುಂಡಗಿದೆ ಎಂದವರು ಬಹಳ ಮಂದಿ. ಚೌಕ ಎಂದವರು ವೀರಸೇನಾಚಾರ್ಯರು.

ವೀರಸೇನರ ಹೆಸರು ನಮಗೆ ಶಿಷ್ಯರ ಮೂಲಕವೇ ಪರಿಚಯ. ಅವರ ಶಿಷ್ಯ ಜಿನಸೇನರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಅದನ್ನು ಹಿಡಿದು ನಮ್ಮ ಪಂಪ ಕನ್ನಡದ ಆದಿಪುರಾಣ ಕಟ್ಟಿದ. ಅಮೋಘವರ್ಷ ನೃಪತುಂಗನಿಗೂ ಜಿನಸೇನರೇ ಗುರುಗಳು. ಇಷ್ಟೆಲ್ಲ ಪರೀಕ್ಷೆಗೆ ಓದಿದವರೆಲ್ಲರಿಗೂ ಗೊತ್ತು. ಗುರುವಿನ ಗುರು ಏನು ಬರೆದರು ಎಂದು ಕೇಳಿದರೆ ‘ಧವಲಾ’ ಎಂದು ಹೇಳಿ ನಿಲ್ಲಿಸುತ್ತೇವೆ. ಷಟ್‌ಖಂಡಾಗಮವೆಂಬ ಜೈನ ಆಗಮಕ್ಕೆ ಬರೆದ ಆ ಮಹಾಟೀಕೆ ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ರೂಢಿಯ ಲೆಕ್ಕ. ಅದರ ತಾಳೆಗರಿ ಉಳಿದದ್ದು ಮೂಡಬಿದಿರೆಯಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ತಲೆಮಾರುಗಳ ಕಾಲ ಜನ ಅದನ್ನು ದರ್ಶನ ಮಾಡಿ ಕೈಮುಗಿದು ಬಂದರು, ಓದಲಿಲ್ಲ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಚರಿತ್ರೆ ಇಷ್ಟು ಸಾಕು, ಲೆಕ್ಕಕ್ಕೆ ಬರೋಣ.

ಬಸದಿಗಳಲ್ಲಿ, ಹಳೆಯ ಪಟಗಳಲ್ಲಿ ಲೋಕಪುರುಷನನ್ನು ನೋಡಿದ್ದೀರಿ. ಕಾಲು ಅಗಲಿಸಿ, ಕೈ ಸೊಂಟದ ಮೇಲಿಟ್ಟು ನಿಂತವನು. ಸೊಂಟವೇ ಮಧ್ಯಲೋಕ, ಜಂಬೂದ್ವೀಪ, ಮೇರು, ನಾವು ನೀವು ಎಲ್ಲ ಅಲ್ಲಿ. ಕೆಳಗೆ ನರಕಗಳು, ಮೇಲೆ ಸ್ವರ್ಗಗಳು, ನೆತ್ತಿಯಲ್ಲಿ ಸಿದ್ಧರು. ಅಳತೆಯ ಮಾನಕ್ಕೆ ರಜ್ಜು ಎಂದು ಹೆಸರು. ಲೋಕದ ಎತ್ತರ 14 ರಜ್ಜು. ಅಗಲ ತಳದಲ್ಲಿ 7. ಏರುತ್ತಾ ಕಿರಿದಾಗಿ 7 ರಜ್ಜು ಎತ್ತರದಲ್ಲಿ 1. ಮತ್ತೆ ಹಿಗ್ಗಿ ಹತ್ತೂವರೆ ರಜ್ಜುವಿನ ಹತ್ತಿರ 5. ಮತ್ತೆ ಕುಗ್ಗಿ ತುದಿಯಲ್ಲಿ 1. ಇಲ್ಲಿಯವರೆಗೆ ದಿಗಂಬರ ಆಚಾರ್ಯರಲ್ಲಿ ತಕರಾರಿಲ್ಲ.

ತಕರಾರು ಇದ್ದದ್ದು ದಪ್ಪದಲ್ಲಿ. ಪಟದಲ್ಲಿ ಪುರುಷ ಎದುರಿಗೆ ನಿಂತಿದ್ದಾನೆ. ಪಕ್ಕಕ್ಕೆ ಹೋಗಿ ನೋಡಿದರೆ ಹೇಗೆ ಕಾಣುತ್ತಾನೆ? ಕೆಳಲೋಕ ಬೆತ್ತದ ಪೀಠದಂತೆ, ನಡುಲೋಕ ತಾಳದಂತೆ, ಮೇಲ್ಲೋಕ ಮೃದಂಗದಂತೆ ಎಂದು ಹಳೆಯ ಗಾಹೆಗಳು, ಅಂದರೆ ಪ್ರಾಕೃತ ಪದ್ಯಗಳು, ಹೇಳುತ್ತಿದ್ದವು. ಮೂರೂ ದುಂಡನೆಯ ವಸ್ತುಗಳು. ಹಾಗಾಗಿ ಯಾವ ಕಡೆಯಿಂದ ನೋಡಿದರೂ ಲೋಕ ಒಂದೇ ಥರ, ಎಲ್ಲ ಕಡೆಗೂ ದುಂಡು ಎಂದು ಬಹುಪಾಲು ಜನ ನಂಬಿದ್ದರು. ಕಣ್ಣಿಗೂ ಅದು ಒಪ್ಪುವ ಚಿತ್ರ.

ವೀರಸೇನರು ಹಿಡಿದದ್ದು ಒಂದು ಸಂಖ್ಯೆಯನ್ನು. ಏಳು ರಜ್ಜು ಉದ್ದದ ಗೆರೆಗೆ ಜಗಶ್ರೇಣಿ ಎಂದು ಹೆಸರು. ಜಗಶ್ರೇಣಿಯ ಘನವೇ ಲೋಕ ಎಂಬುದು ಪರಂಪರೆಯಿಂದ ಬಂದ ಮಾತು. ಏಳೇಳಲಿ ನಲವತ್ತೊಂಬತ್ತು, ನಲವತ್ತೊಂಬತ್ತೇಳಲಿ 343. ಲೋಕದ ಗಾತ್ರ 343 ಘನ ರಜ್ಜು. ಜೀವಗಳ ಎಣಿಕೆಯಿಂದ ಹಿಡಿದು ಆಗಮದ ದೊಡ್ಡ ದೊಡ್ಡ ಲೆಕ್ಕಗಳೆಲ್ಲ ಈ ಸಂಖ್ಯೆಯ ಮೇಲೆ ನಿಂತಿವೆ. ಸರಿ, ನಿಮ್ಮ ದುಂಡು ಲೋಕದ ಗಾತ್ರ ಎಷ್ಟು ಬರುತ್ತದೆ, ಲೆಕ್ಕ ಹಾಕೋಣ ಬನ್ನಿ ಎಂದರು ಅವರು.

ಈ ಲೆಕ್ಕವಿರುವ ಧವಲಾ ಸಂಪುಟವನ್ನು ಮೊದಲು ನನ್ನ ಕೈಗಿತ್ತವರು ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಟ್ಟ ಮೇಷ್ಟ್ರು. ಪಂಪನ ಪದ್ಯವೊಂದನ್ನು ಅವರು ಓದಿದರೆ ಕೊನೆಯ ಬೆಂಚಿನವರೂ ಪಿಸುಮಾತು ಬಿಡುತ್ತಿದ್ದರು. ಆದರೆ ಲೋಕಾಕಾರದ ವರ್ಣನೆ ಬಂದ ಕೂಡಲೇ ಪುಟ ಮಗುಚಿ, “ಇದು ಗಣಿತದವರ ಪಾಡು, ನಮಗಲ್ಲ” ಎಂದುಬಿಡುತ್ತಿದ್ದರು. ನಾನು ಪುಸ್ತಕ ಹೊತ್ತು ಗಣಿತದ ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, “ಪ್ರಾಕೃತ ನಿನಗೆ ಬಿಟ್ಟದ್ದು, ಅಳತೆಗಳನ್ನಷ್ಟೇ ಬೋರ್ಡಿನ ಮೇಲೆ ಬರಿ” ಎಂದರು. ಬರೆದೆ. ಅವರು ಸೀಮೆಸುಣ್ಣ ಕಿತ್ತುಕೊಂಡರು. ಕ್ಲಾಸು ಮುಗಿದು ಜವಾನ ಬೀಗ ಹಿಡಿದು ಬಾಗಿಲಲ್ಲಿ ನಿಂತರೂ ಅವರು ಬೋರ್ಡು ಬಿಡಲಿಲ್ಲ.

ಅವತ್ತು ಬೋರ್ಡಿನ ಮೇಲೆ ಬಂದ ಲೆಕ್ಕ ಇದು. ಲೋಕ ದುಂಡಗಿದ್ದರೆ ಅದು ತುದಿ ಕತ್ತರಿಸಿದ ಮೂರು ಶಂಕುಗಳ ಜೋಡಣೆ: ಕೆಳಗೊಂದು, ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ಎರಡು. ಇಂದು ಶಾಲೆಯಲ್ಲಿ ಕಲಿಸುವ ಸೂತ್ರ ಹಾಕಿದರೆ ಕೆಳಲೋಕ 104 ಚಿಲ್ಲರೆ, ಮೇಲ್ಲೋಕ ಸುಮಾರು 57, ಒಟ್ಟು 161 ಘನ ರಜ್ಜು. ವೀರಸೇನರಿಗೆ ಬಂದ ಉತ್ತರ 164, ಮೇಲೆ ಒಂದು ಭಿನ್ನರಾಶಿ, 1356ರಲ್ಲಿ 328 ಪಾಲು. ನಮಗೂ ಅವರಿಗೂ ಇರುವ ಮೂರರ ವ್ಯತ್ಯಾಸಕ್ಕೆ ಕಾರಣ ಅವರ ಪರಿಧಿಯ ಸೂತ್ರ. ವ್ಯಾಸವನ್ನು 16ರಿಂದ ಗುಣಿಸಿ, 16 ಕೂಡಿಸಿ, 113ರಿಂದ ಭಾಗಿಸಿ, ಬಂದದ್ದನ್ನು ವ್ಯಾಸದ ಮೂರರಷ್ಟಕ್ಕೆ ಸೇರಿಸು ಎನ್ನುತ್ತದೆ ಅದು. ನಡುವಿನ ಆ ‘16 ಕೂಡಿಸಿ’ ಎಂಬುದನ್ನು ಬಿಟ್ಟರೆ ಉಳಿಯುವುದು 355/113, ಆರು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಪೈ! ಕೂಡಿಕೆ ಯಾಕೆ ನುಗ್ಗಿತೋ, ವಿದ್ವಾಂಸರು ಇನ್ನೂ ತಲೆ ಕೆರೆದುಕೊಳ್ಳುತ್ತಾರೆ.

ನನ್ನ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದು ಉತ್ತರವಲ್ಲ, ದಾರಿ. ವೀರಸೇನರ ಕೈಯಲ್ಲಿ ಸಿದ್ಧ ಸೂತ್ರ ಇರಲಿಲ್ಲ. ಕತ್ತರಿಸಿದ ಶಂಕುವಿನ ನಡುವಿನಿಂದ ಒಂದು ರಜ್ಜು ವ್ಯಾಸದ ಕಂಬವನ್ನು ಹೊರತೆಗೆದರು. ಉಳಿದ ಬಳೆಯನ್ನು ಒಂದು ಕಡೆ ಸೀಳಿ ಬಿಡಿಸಿ ಹರಡಿದರು. ಅದನ್ನು ತುಂಡು ಮಾಡಿ, ಲೆಕ್ಕಕ್ಕೆ ಸಿಗುವ ತುಂಡು ಬೇರೆ ಇಟ್ಟು, ಸಿಗದ ತುಂಡನ್ನು ಮತ್ತೆ ಸೀಳಿದರು. ಹೀಗೆ ಸೀಳುತ್ತಾ ಹೋದರೆ ಪ್ರತಿ ಸುತ್ತಿನ ಪಾಲು ಹಿಂದಿನದರ ಕಾಲುಭಾಗ. ಕೊನೆಯಿಲ್ಲದ ಆ ಸಾಲನ್ನು ಅವರು ಕೂಡಿಸಿ ಮುಗಿಸಿದರು. ಧವಲಾದ ನಾಲ್ಕನೇ ಸಂಪುಟಕ್ಕೆ ಲಖನೌದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಬರೆದ ಲೇಖನ ಬಂದಮೇಲೆ ಗಣಿತದ ಚರಿತ್ರೆಯವರ ಕಣ್ಣು ಇತ್ತ ತಿರುಗಿತು.

ಈಗ ಅವರ ತೀರ್ಮಾನ ಕೇಳಿ. ದುಂಡು ಲೋಕದ ಗಾತ್ರ 164, ಬೇಕಾದದ್ದು 343. ಅರ್ಧಕ್ಕೂ ಕಡಿಮೆ. ಆದ್ದರಿಂದ ಲೋಕ ದುಂಡಗಿಲ್ಲ. ಮತ್ತೆ ಹೇಗಿದೆ? ಪೂರ್ವ-ಪಶ್ಚಿಮಕ್ಕೆ ಮಾತ್ರ ಅಗಲ ಹಿಗ್ಗಿ ಕುಗ್ಗುತ್ತದೆ. ಉತ್ತರ-ದಕ್ಷಿಣಕ್ಕೆ ತಳದಿಂದ ತುದಿಯವರೆಗೂ ಒಂದೇ ದಪ್ಪ, 7 ರಜ್ಜು. ದಪ್ಪನೆಯ ಮೈಸೂರುಪಾಕಿನಲ್ಲಿ ಲೋಕಪುರುಷನ ಅಚ್ಚು ಒತ್ತಿ ಎತ್ತಿದ ಹಾಗೆ. ನೀವೇ ತಾಳೆ ನೋಡಿ. ಎದುರಿನ ಮುಖದ ಕ್ಷೇತ್ರಫಲ: ಕೆಳಗೆ ಏಳೂ ಒಂದೂ ಕೂಡಿ ಎಂಟು, ಅರ್ಧ ನಾಲ್ಕು, ಎತ್ತರ ಏಳು, 28. ಮೇಲೆ ಐದೂ ಒಂದೂ ಕೂಡಿ ಆರು, ಅರ್ಧ ಮೂರು, ಎತ್ತರ ಏಳು, 21. ಒಟ್ಟು 49. ದಪ್ಪ ಏಳರಿಂದ ಗುಣಿಸಿದರೆ 343. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಎದುರಾಳಿಗಳು ಸುಮ್ಮನಿರಲಿಲ್ಲ. 343 ಎಂಬುದು ಲೆಕ್ಕಕ್ಕೆ ಇಟ್ಟುಕೊಂಡ ಲೋಕ. ದ್ರವ್ಯಗಳು ತುಂಬಿರುವ ನಿಜವಾದ ಲೋಕ ಬೇರೆ, ಅದು ದುಂಡಗೇ ಇರಲಿ ಬಿಡಿ ಎಂಬ ಜಾಣ ದಾರಿಯೊಂದಿತ್ತು. ವೀರಸೇನರು ಆ ದಾರಿ ಮುಚ್ಚಿದರು. ಎಲ್ಲೂ ಇಲ್ಲದ ಲೋಕದಿಂದ ಇರುವುದನ್ನು ಅಳೆಯಲು ಬರುವುದಿಲ್ಲ ಎಂಬುದು ಅವರ ವಾದದ ತಿರುಳು. ಬೆತ್ತದ ಪೀಠ, ಮೃದಂಗದ ಗಾಹೆಗಳನ್ನೂ ಅವರು ತಳ್ಳಿಹಾಕಲಿಲ್ಲ. ತಾವು ಹೇಳುವ ಆಕಾರಕ್ಕೂ ಅವು ಹೊಂದುತ್ತವೆ ಎಂದು ತೋರಿಸಿದರು.

ಈ ಜಗಳಕ್ಕೆ ಇಪ್ಪತ್ತನೇ ಶತಮಾನದಲ್ಲಿ ಎರಡನೇ ಸುತ್ತು ಬಂತು. ತಿಲೋಯಪಣ್ಣತ್ತಿ ಎಂಬ ಪ್ರಾಕೃತ ಗ್ರಂಥವಿದೆ, ಯತಿವೃಷಭರದು. ಅದನ್ನು ಹೀರಾಲಾಲರ ಜೊತೆ ಸಂಪಾದಿಸಿದವರು ನಮ್ಮ ಆ. ನೇ. ಉಪಾಧ್ಯೆ, ಚಿಕ್ಕೋಡಿ ಸೀಮೆಯ ಸದಲಗಾದವರು, 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಗ್ರಂಥ ವೀರಸೇನರಿಗಿಂತ ಶತಮಾನಗಳಷ್ಟು ಹಳೆಯದೆಂದು ಪ್ರತೀತಿ. ಆದರೆ ಇಂದು ನಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಏಳು ರಜ್ಜು ದಪ್ಪದ ಚೌಕ ಲೋಕ ನಿಶ್ಚಿಂತೆಯಾಗಿ ಕೂತಿದೆ! ಇತ್ತ ವೀರಸೇನರು ಬೇರೊಂದು ಪ್ರಸಂಗದಲ್ಲಿ, ತಾವು ಯುಕ್ತಿಯ ಬಲದಿಂದ ಹೇಳಿದ ಮಾತುಗಳಿಗೆ ಉದಾಹರಣೆ ಕೊಡುವಾಗ ಆಯತಾಕಾರದ ಲೋಕವನ್ನೂ ಹೆಸರಿಸುತ್ತಾರೆ. ಮೊದಲೇ ಇನ್ನೊಂದು ಗ್ರಂಥದಲ್ಲಿ ಇದ್ದದ್ದಾದರೆ ಯುಕ್ತಿಯ ಮೊರೆ ಯಾಕೆ? ಹಾಗಾಗಿ ಈಗಿನ ತಿಲೋಯಪಣ್ಣತ್ತಿ ಧವಲಾದ ನಂತರದ್ದು ಎಂದರು ಪಂಡಿತ ಫೂಲಚಂದ್ರ ಶಾಸ್ತ್ರಿಗಳು. ಪಂಡಿತ ಜುಗಲ್‌ಕಿಶೋರ್ ಮುಖ್ತಾರರು ಒಪ್ಪಲಿಲ್ಲ. ಲೋಕದ ದಪ್ಪ ಹಿಡಿದು ಗ್ರಂಥದ ಕಾಲ ನಿರ್ಣಯಿಸುವ ಈ ವಾದ ಬೇರೆ ಯಾವ ಸಾಹಿತ್ಯದಲ್ಲಿ ಉಂಟೋ, ನನಗಂತೂ ಬಲು ಇಷ್ಟ.

ನಾನು ಶಾಸ್ತ್ರಿಗಳ ಪಕ್ಷ. ಕಾರಣವನ್ನೂ ಮುಚ್ಚಿಡುವುದಿಲ್ಲ: ಆ ಆಕಾರ ವೀರಸೇನರದೇ ಆಗಿರಲಿ ಎಂಬ ಆಸೆ. ಲಿಪಿಕಾರರು ಒಂದು ಗ್ರಂಥದ ಭಾಗವನ್ನು ಇನ್ನೊಂದಕ್ಕೆ ಸೇರಿಸುತ್ತಿದ್ದದ್ದು ಎರಡೂ ಪಕ್ಷಕ್ಕೆ ಅನುಕೂಲವಾಗಬಲ್ಲದು ಎಂಬುದೂ ಗೊತ್ತು. ಆಸೆ ಪ್ರಮಾಣವಾಗುವುದಿಲ್ಲವಲ್ಲ.

ಸಭೆಯಲ್ಲಿ ವಿಜ್ಞಾನ ಓದುವ ಹುಡುಗರು ಬಂದಿದ್ದಾರೆ. ಇಂದಿನ ವಿಶ್ವಕ್ಕೂ ಇದಕ್ಕೂ ಏನು ಸಂಬಂಧ ಎನ್ನುವ ಮುಖ ಕಾಣಿಸುತ್ತಿದೆ. ವೀರಸೇನರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಹೇಳುವವನು ನಾನಲ್ಲ. ಅವರ ಲೋಕದಲ್ಲಿ ಗೆಲಾಕ್ಸಿಗಳಿಲ್ಲ, ನಮ್ಮದರಲ್ಲಿ ನರಕಗಳ ಅಂತಸ್ತುಗಳಿಲ್ಲ. ಸಂಬಂಧ ಇರುವುದು ಪಟ್ಟಿನಲ್ಲಿ. ಹೊರಗೆ ನಿಂತು ನೋಡಲಾಗದ ವಸ್ತುವಿನ ಆಕಾರವನ್ನು ಒಳಗಿದ್ದುಕೊಂಡೇ ಹೇಳಬೇಕು, ಅದಕ್ಕೆ ಒಂದು ಸಂಖ್ಯೆ ಆಧಾರ. ಈಗ ಆ ಸಂಖ್ಯೆ ತ್ರಿಕೋನದ ಕೋನಗಳ ಮೊತ್ತ. ಸುಮಾರು 1,380 ಕೋಟಿ ವರ್ಷ ಹಿಂದಿನ ಬೆಳಕಿನಲ್ಲಿ ಬಿಸಿ-ತಂಪು ಮಚ್ಚೆಗಳಿವೆ. ಅವುಗಳ ನಿಜವಾದ ಅಳತೆ ಇಷ್ಟೆಂದು ಭೌತಶಾಸ್ತ್ರ ಹೇಳುತ್ತದೆ. ಮಚ್ಚೆಯ ಎರಡು ಅಂಚು, ನಮ್ಮ ಕಣ್ಣು, ಇದೇ ಆ ತ್ರಿಕೋನ. ಆಕಾಶದಲ್ಲಿ ಕಾಣುವುದು ಸುಮಾರು ಒಂದು ಡಿಗ್ರಿ. ಎರಡೂ ತಾಳೆಯಾದರೆ ಅವಕಾಶ ಸಪಾಟು, ಮೊತ್ತ 180. ಪ್ಲ್ಯಾಂಕ್ ಉಪಗ್ರಹದ 2018ರ ವರದಿ, ಗೆಲಾಕ್ಸಿಗಳ ಹಂಚಿಕೆಯ ಅಳತೆಯನ್ನೂ ಸೇರಿಸಿಕೊಂಡು, ಬಾಗು 0.0007, ಆಚೀಚೆ 0.0019 ಎಂದಿತು. ಅಂದರೆ ಸೊನ್ನೆ ಎನ್ನಲು ಅಡ್ಡಿಯಿಲ್ಲ.

ಅಲ್ಲೂ ಜಗಳ ತಪ್ಪಲಿಲ್ಲ. 2019ರಲ್ಲಿ ದಿ ವಾಲೆಂಟಿನೊ, ಮೆಲ್ಕಿಯೊರ್ರಿ, ಸಿಲ್ಕ್ ಎಂಬ ಮೂವರು, ಪ್ಲ್ಯಾಂಕಿನ ಅಂಕಿಗಳನ್ನಷ್ಟೇ ನೋಡಿದರೆ ವಿಶ್ವ ಮುಚ್ಚಿದ ಗೋಳದ ಕಡೆ ವಾಲುತ್ತದೆ ಎಂದರು. ಮರುವರ್ಷ ಎಫ್‌ಸ್ಟಾತಿಯೂ ಮತ್ತು ಗ್ರಾಟನ್ ಅದೇ ಅಂಕಿಗಳನ್ನು ಇನ್ನೊಂದು ರೀತಿ ಸೋಸಿ, ಸಪಾಟೇ ಸರಿ ಎಂದರು. ಸಪಾಟು ಎಂದ ಮಾತ್ರಕ್ಕೆ ಅನಂತ ಎಂದೂ ಅಲ್ಲ. ಒಂದು ದಿಕ್ಕಿಗೆ ನೆಟ್ಟಗೆ ಹೋದವನು ಹೊರಟಲ್ಲಿಗೇ ಬಂದು ಸೇರುವ ಸಪಾಟು ವಿಶ್ವವನ್ನೂ ಗಣಿತ ಒಪ್ಪುತ್ತದೆ. 2003ರಲ್ಲಿ ಫ್ರಾನ್ಸಿನ ಲೂಮಿನೆ ಮತ್ತು ಸಂಗಡಿಗರು, ತುಸು ಬಾಗಿದ ಹನ್ನೆರಡು ಮುಖದ ವಿಶ್ವವನ್ನೇ ಮುಂದಿಟ್ಟರು. ಹಾಗಿದ್ದರೆ ಆಕಾಶದ ಎರಡು ಕಡೆ ಒಂದೇ ನಮೂನೆಯ ವೃತ್ತಗಳು ಸಿಗಬೇಕು. ಹುಡುಕಿದರು, ಇನ್ನೂ ಸಿಕ್ಕಿಲ್ಲ.

ಮಾತು ಮುಗಿಸುವ ಮುನ್ನ ನನ್ನ ತಕರಾರುಗಳನ್ನು ನಿಮ್ಮ ಮುಂದಿಡುತ್ತೇನೆ. ವೀರಸೇನರು ಲೋಕದ ಆಕಾರ ಕಂಡುಹಿಡಿದರೋ, ಇಲ್ಲ 343 ಎಂಬ ಸಂಖ್ಯೆ ಉಳಿಸಲು ಲೋಕವನ್ನೇ ತಿದ್ದಿದರೋ? ತಿದ್ದಿದರು ಎಂದರೆ, ಅಷ್ಟು ಸೊಗಸಾದ ಲೆಕ್ಕವನ್ನು ಎದುರಾಳಿಯ ಆಕಾರಕ್ಕಾಗಿ ಯಾಕೆ ಮಾಡಿದರು? ತಮ್ಮ ಆಕಾರಕ್ಕೆ ಗುಣಾಕಾರ ಸಾಕಿತ್ತು. ಬೆವರು ಹರಿದದ್ದೆಲ್ಲ ಸೋಲಿಸಬೇಕಾದ ಚಿತ್ರದ ಮೇಲೆ. ನಂಬಿಕೆಯೊಂದೇ ಇದ್ದವರು ಹಾಗೆ ಮಾಡುತ್ತಾರೆಯೇ? ಇಂದಿನವರಿಗೂ ಇದೇ ಪ್ರಶ್ನೆ. ಸಪಾಟು ವಿಶ್ವ ಅಳತೆಯಿಂದ ಬಂತೋ, ಉಳಿದ ಲೆಕ್ಕಗಳೆಲ್ಲ ಅದನ್ನು ಬೇಡುತ್ತವೆ ಎಂದು ನಾವು ಅತ್ತ ವಾಲುತ್ತಿದ್ದೇವೋ? ಇನ್ನೊಂದು. ವೀರಸೇನರ ಲೋಕಕ್ಕೆ ಹೊರಗಿತ್ತು, ಅಲೋಕ ಎಂಬ ಕೊನೆಯಿಲ್ಲದ ಬರಿಯ ಆಕಾಶ. ಆದ್ದರಿಂದ ಆಕಾರದ ಮಾತಿಗೆ ಅರ್ಥವಿತ್ತು. ಇಂದಿನ ವಿಶ್ವಕ್ಕೆ ಹೊರಗೇ ಬೇಕಿಲ್ಲ ಎನ್ನುತ್ತಾರೆ. ಹೊರಗಿಲ್ಲದ್ದಕ್ಕೆ ಆಕಾರ ಎಂದರೆ ಏನು? ಗಣಿತದ ಮೇಷ್ಟ್ರು, ಕೋನ ಅಳೆ, ಅಷ್ಟೇ ಆಕಾರ ಎನ್ನುತ್ತಿದ್ದರು. ಹಳಗನ್ನಡದ ಮೇಷ್ಟ್ರು, ಅಂಚು ಇಲ್ಲದ್ದಕ್ಕೆ ಆಕಾರ ಎನ್ನಬೇಡ ಎನ್ನುತ್ತಿದ್ದರು. ನಾನು ಹಗಲಿನಲ್ಲಿ ಮೊದಲನೆಯವರ ಶಿಷ್ಯ, ಸಂಜೆಯಾದರೆ ಎರಡನೆಯವರ ಕಡೆ. ನಿಮ್ಮಲ್ಲಿ ಯಾರಾದರೂ ನನ್ನನ್ನು ಒಂದು ಕಡೆ ನಿಲ್ಲಿಸಬಲ್ಲಿರಾ? ಪ್ರಶ್ನೋತ್ತರಕ್ಕೆ ಸಮಯವಿದೆ. ಇವತ್ತು ಪ್ರಶ್ನೆ ನನ್ನದು, ಉತ್ತರ ನೀವು ಕೊಡಿ.