ಹೊಲ ಕಾಯುವ ಬಂದೂಕು, ಹಳೇ ಶಿಕ್ಷೆ
(ಹಿಂದವಾಡಿಯ ರೈತರ ಬೈಠಕ್ಕಿನಲ್ಲಿ ಆಡಿದ ಮಾತು)



ಕಬ್ಬಿನ ಬಿಲ್ಲು, ಬ್ಯಾಂಕಿನ ನೋಟೀಸು ಬಿಟ್ಟು ಇವತ್ತು ಬಂದೂಕಿನ ಮಾತು ಯಾಕೆ ಅಂತ ಕೇಳಬಹುದು. ಕಾರಣ ಸಾಲವೇ. ಖಾನಾಪುರದ ಕಾಡಂಚಿನಲ್ಲಿ ಹಂದಿ ಹಿಂಡು ಒಂದು ರಾತ್ರಿ ಭತ್ತದ ಗದ್ದೆಗೆ ಇಳಿದರೆ ಸೊಸಾಯಿಟಿ ಸಾಲ ತೀರುವ ದಾರಿ ಮುಚ್ಚಿತು ಅಂತಲೇ ತಿಳೀರಿ. ಹೊಲ ಕಾಯಲು ಇಟ್ಟ ಬಂದೂಕೇ ಕೇಸಾದರೆ ವಕೀಲರಿಗಾಗಿ ಇನ್ನೊಂದು ಸಾಲ.

ಒಬ್ಬ ರೈತ ಅಂತ ಇಟ್ಟುಕೊಳ್ಳಿ. ಬದುವಿನ ಜಗಳದಲ್ಲಿ ಹೊಡೆದಾಟವಾಗಿ ಆರು ತಿಂಗಳು ಜೈಲು ಕಂಡು ಬಂದಾನ. ತಂದೆ ತೀರಿಕೊಂಡ ಮೇಲೆ ಅಪ್ಪನ ಬಂದೂಕು ಅಟ್ಟದ ಮ್ಯಾಲೆ ಹಾಗೇ ಐತಿ. ಅಪ್ಪನ ಹೊಲದಂತೆ ಬಂದೂಕೂ ತನ್ನದೇ ಅಂತ ಅವನ ನಂಬಿಕೆ. ಆದರೆ ಲೈಸೆನ್ಸು ವಾರಸಾಗಿ ಬರೋದಿಲ್ಲರಿ.

1959ರ ಆಯುಧ ಕಾಯ್ದೆಯ 9ನೇ ಕಲಮು ನೋಡ್ರಿ. ಹಿಂಸೆಯ ಇಲ್ಲವೆ ನೀತಿಗೆಟ್ಟ ಅಪರಾಧಕ್ಕೆ ಜೈಲು ಶಿಕ್ಷೆಯಾದವನು, ಶಿಕ್ಷೆ ಮುಗಿದ ಮೇಲೂ ಐದು ವರ್ಷ ಬಂದೂಕು ಇಡುವಂತಿಲ್ಲ. ಶಾಂತಿ ಕಾಯುತ್ತೇನೆಂದು ಮುಚ್ಚಳಿಕೆ ಬರೆಯಲು ಆದೇಶವಾದವನೂ ಅದರ ಅವಧಿ ಮುಗಿಯುವ ತನಕ ಇಡುವಂತಿಲ್ಲ. ಚಳವಳಿಯಲ್ಲಿ ಇರುವವರಿಗೆ ಮುಚ್ಚಳಿಕೆ ಹೊಸದೇನಲ್ಲ. ಸಹಿ ಮಾಡುವಾಗ ಇದು ನೆನಪಿರಲಿ. ಲೈಸೆನ್ಸಿಲ್ಲದೆ ಬಂದೂಕು ಇಟ್ಟರೆ, 2019ರ ತಿದ್ದುಪಡಿಯ ನಂತರ, ಎರಡರಿಂದ ಐದು ವರ್ಷದ ಜೈಲು ಮತ್ತು ದಂಡ.

ಹಂಗಾದ್ರೆ ಬಚಾವಿನ ದಾರಿ ಇಲ್ಲೇನು? ಐತಿ. ಮೊದಲು ಹಳೇ ತೀರ್ಪಿನ ನಕಲು ತೆಗೆಸಿರಿ. ಕೇಸು ಬಿದ್ದವರೆಲ್ಲ ಶಿಕ್ಷೆಯಾದವರಲ್ಲ. ನಡೆಯುತ್ತಿರುವ ಕೇಸು, ಬಿಡುಗಡೆಯಾದ ಕೇಸು, ಸರ್ಕಾರ ಹಿಂದಕ್ಕೆ ಪಡೆದ ಕೇಸು ಇವು ಶಿಕ್ಷೆಯ ಲೆಕ್ಕಕ್ಕೆ ಬರೋದಿಲ್ಲ. ಬರೀ ದಂಡ ಕಟ್ಟಿದ್ದರೆ ಅದು ಜೈಲು ಶಿಕ್ಷೆಯಲ್ಲ. 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮೇಲೋ ಬಿಟ್ಟವನಿಗೆ ಆ ಶಿಕ್ಷೆಯಿಂದ ಅನರ್ಹತೆ ಅಂಟಬಾರದೆಂದು ಅದರ 12ನೇ ಕಲಮು ಹೇಳುತ್ತದೆ. ಐದು ವರ್ಷ ಎಂದು ಮುಗಿಯಿತೆಂಬ ತಾರೀಖೂ ಲೆಕ್ಕ ಹಾಕಿರಿ.

ಎರಡನೆಯದು, ಬಂದೂಕು ಯಾರ ಕೈವಶದಲ್ಲಿತ್ತು? ಮನೆಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಸಾಲದು. ಅದು ಇದೆಯೆಂಬ ಅರಿವು ಮತ್ತು ಅದರ ಮೇಲೆ ಹಿಡಿತ ಆರೋಪಿಗೆ ಇರಬೇಕೆಂದು ಸುಪ್ರೀಂ ಕೋರ್ಟು 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ. ನಾಲ್ಕು ಅಣ್ಣತಮ್ಮಂದಿರು ಕೂಡಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮೂರನೆಯದು, ರಿಪೇರಿ ಮಾಡಿದರೂ ಗುಂಡು ಹಾರದ ಹಳೇ ಬಂದೂಕಾದರೆ 45ನೇ ಕಲಮು ಓದಿಸಿರಿ. ನಾಲ್ಕನೆಯದು, ಲೈಸೆನ್ಸಿಲ್ಲ ಎಂಬ 3ನೇ ಕಲಮಿನ ಕೇಸು ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂಗಡ ಮಂಜೂರಿ ಬೇಕು. ಪಂಚನಾಮೆಯಲ್ಲಿ ಬರೆದದ್ದೇನು, ಸೀಲು ಹಾಕಿದರೇ, ಮಂಜೂರಿ ಐತೆ? ಇವನ್ನು ವಕೀಲರಿಂದ ಕೇಳಿಸಿರಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬಂಧನದಲ್ಲಿರುವವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನು ಕೇಳುವ ಹಕ್ಕೈತಿ. ಅದಕ್ಕೆ ಹೊಲ ಒತ್ತೆ ಇಡಬೇಡಿ.

ಆದರೆ ಈ ಪಾಯಿಂಟುಗಳನ್ನು ನಂಬಿ ಬಂದೂಕು ಅಟ್ಟದ ಮೇಲೇ ಇಡಿ ಅಂತ ನಾ ಹೇಳ್ತಿಲ್ಲ. 21ನೇ ಕಲಮಿನ ಪ್ರಕಾರ ತಡಮಾಡದೆ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಜಮಾ ಮಾಡಿ ರಸೀದಿ ಪಡೆಯಿರಿ. ಆ ರಸೀದಿ ನೂರು ಸಾಕ್ಷಿಗೆ ಸಮ. ಅರ್ಹರಾದ ಮನೆಮಂದಿ ಬೆಳೆ ರಕ್ಷಣೆಗೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಲಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಮೇಲ್ಮನವಿ ಐತಿ. ಆದರೆ 2011ರಲ್ಲಿ ಭೀಮಗಡ ಅಭಯಾರಣ್ಯವಾಗಿದೆ. ಅದರ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸಿಗೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು. ಮತ್ತೊಂದು: ಲೈಸೆನ್ಸು ಅಂದರೆ ಪ್ರಾಣಿ ಕೊಲ್ಲುವ ಅಪ್ಪಣೆಯಲ್ಲ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಮಗೆ ಅಂಥ ವಿನಾಯಿತಿ ಇಲ್ಲ. ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು: ಬೆಳೆ ನಾಶಕ್ಕೆ ಮಾರುಕಟ್ಟೆ ಬೆಲೆಯ ಪರಿಹಾರ ವೇಳೆಗೆ ಸರಿಯಾಗಿ ಬರಲಿ, ಕಾಡಂಚಿಗೆ ಗಟ್ಟಿ ಬೇಲಿ ಆಗಲಿ. ಅವು ಬಂದರೆ ಅಟ್ಟದ ಬಂದೂಕು ಯಾರಿಗೆ ಬೇಕಾಗೇತ್ರಿ?

ಇಂದು ಮನೆಗೆ ಹೋದವರು ಮೊದಲು ಅಟ್ಟ ಹತ್ತಿ ನೋಡಿರಿ.